ಒಂದನೇ ನಂಬರಿನ ಕಲ್ಲು

ಆ ಕಾಲಕ್ಕೆ ನನ್ನ ಬದುಕು ಮೂರು ಬಸ್ ಸ್ಟ್ಯಾಂಡುಗಳಿಗೆ ಹಂಚಿಹೋಗಿತ್ತು. ಮದುವೆ ಮಾಡಿಕೊಟ್ಟದ್ದು ಅರಕಲಗೂಡಿಗೆ, ಕೆಲಸ ಹಾಸನದ ಒಂದು ಕಾಲೇಜಿನಲ್ಲಿ, ತವರು ಹೊಳೆನರಸೀಪುರ. ಮಕ್ಕಳಿಗೆ ಇತಿಹಾಸ ಪಾಠ ಹೇಳುತ್ತಿದ್ದೆ. ನನ್ನ ಮುಂಗೋಪದ ಸುದ್ದಿ ಮೂರೂ ಊರಿಗೆ ತಲುಪಿತ್ತು. ಕಂಡಕ್ಟರುಗಳು ನನಗೆ ಚಿಲ್ಲರೆ ಬಾಕಿ ಉಳಿಸುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಒಂದು ದಿನ ಸ್ಟಾಫ್ ರೂಮಿನ ಬೋರ್ಡಿಗೆ ಯಾರೋ ಒಂದು ಪ್ರಕಟಣೆ ಚುಚ್ಚಿದ್ದರು. ದೂರದ ಊರಿನ ಸಂಸ್ಥೆಯೊಂದು ಪರಿಸರದ ಬಗ್ಗೆ ಕೆಲಸ ಮಾಡುವವರಿಗೆ ಅನುದಾನ ಕೊಡುತ್ತದಂತೆ, ಅದೂ ಇತಿಹಾಸ, ಭಾಷೆ, ಜಾನಪದ ಓದಿದವರಿಗೇ ಕೊಡುತ್ತದಂತೆ. ಪರಿಸರ ಎಂದರೆ ಸಸ್ಯಶಾಸ್ತ್ರದವರ ಸ್ವತ್ತು ಎಂದು ನಾವೆಲ್ಲ ನಂಬಿದ್ದ ಕಾಲ. ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರು ಅದನ್ನು ಓದಿ, 'ಹಿಸ್ಟರಿಯವರಿಗೆ ಪರಿಸರದ ಗ್ರಾಂಟಾ? ಇನ್ನು ನಮ್ಮನ್ನ ಶಾಸನ ಓದೋಕೆ ಕಳಿಸ್ತಾರೆ ಬಿಡಿ' ಎಂದು ನಕ್ಕರು. ಆ ನಗುವನ್ನು ನೋಡಿಯೇ ನಾನು ಅರ್ಜಿ ಹಾಕುವುದೆಂದು ತೀರ್ಮಾನಿಸಿದ್ದು.

ಹದಿನೈದು ದಿನ ಕೂತು ಬರೆದೆ. ನದಿ ನಾಗರಿಕತೆಯ ತೊಟ್ಟಿಲು, ಹೇಮಾವತಿ ನಮ್ಮ ಜೀವನಾಡಿ, ನದಿ ನಮ್ಮ ತಾಯಿ, ಹೀಗೆ ನನಗೆ ಗೊತ್ತಿದ್ದ ದೊಡ್ಡ ದೊಡ್ಡ ಮಾತುಗಳನ್ನೆಲ್ಲ ಸುರಿದು, ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆರಳಚ್ಚು ಮಾಡಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಎರಡು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು. ವಿಷಾದಿಸುತ್ತೇವೆ ಎಂದು. ಆ ವಾರವೆಲ್ಲ ನಮ್ಮ ಮನೆಯ ಸಾರಿಗೆ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ನನ್ನ ಯಜಮಾನರು ಬುದ್ಧಿವಂತರು, ಸುಮ್ಮನೆ ಉಂಡು ಎದ್ದರು.

ಆ ಭಾನುವಾರ ತವರಿಗೆ ಹೋದವಳು ಮನೆಯಲ್ಲಿ ಕೂರಲಾಗದೆ ಹೊಳೆಯ ಕಡೆ ನಡೆದೆ. ಅಲ್ಲಿ ಅಕ್ಕ ಬಟ್ಟೆ ಒಗೆಯುತ್ತಿದ್ದಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನಮ್ಮ ತವರುಮನೆಯ ಬಟ್ಟೆ ಒಗೆಯುತ್ತಿದ್ದ ಮಡಿವಾಳರ ಮನೆಯವಳು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ನಾನು ಚಿಕ್ಕಂದಿನಿಂದ ಅಕ್ಕ ಎನ್ನುತ್ತಿದ್ದೆ. ಅವಳು ಮಾತ್ರ ನಾನು ಲಂಗ ಉಡುತ್ತಿದ್ದ ಕಾಲದಿಂದಲೂ ನನ್ನನ್ನು 'ಅಮ್ಮಾವ್ರೆ' ಎಂದೇ ಕರೆದಳು. ನಮ್ಮ ಮನೆಯವರು ಅವಳಿಗೆ ಕೊಡುವ ಬಟ್ಟೆಯನ್ನು ಜಗುಲಿಯ ಮೇಲೆ ಹಾಕಿ ಹಿಂದೆ ಸರಿದು ನಿಲ್ಲುತ್ತಿದ್ದರು. ಯಾಕೆ ಎಂದು ನಾನು ಬಹಳ ವರ್ಷ ಕೇಳಲಿಲ್ಲ, ಕೇಳಬೇಕೆಂದು ಹೊಳೆಯಲೂ ಇಲ್ಲ.

ನನ್ನ ಮುಖ ನೋಡಿದವಳೇ ಅಕ್ಕ ವಿಚಾರಿಸಿದಳು. ಅರ್ಜಿಯ ಕತೆ ಹೇಳಿದೆ.

'ಒಳೆ ಮ್ಯಾಲೆ ಏನಂತ ಬರುದ್ರಿ ಅಮ್ಮಾವ್ರೆ?'

ತಾಯಿ, ತೊಟ್ಟಿಲು, ಜೀವನಾಡಿ ಎಲ್ಲವನ್ನೂ ಒಪ್ಪಿಸಿದೆ. ಅವಳು ಲಾಡ್ಜಿನ ಒಂದು ಚಾದರವನ್ನು ಹಿಂಡುತ್ತ ಕೇಳಿಸಿಕೊಂಡು, 'ಅದ್ಯಾವ್ ಒಳೆನೋ ಕಾಣೆ ಅಮ್ಮಾವ್ರೆ. ಇಲ್ಲಿಂದು ಒಂದ್ ಕಲ್ಲಿನ್ ಎಸ್ರಾದ್ರೂ ಬರುದ್ರಾ?' ಅಂದಳು.

'ಕಲ್ಲಿಗೆಲ್ಲಿಯ ಹೆಸರು ಅಕ್ಕ?'

ಅವಳು ಚಾದರ ಹಿಂಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಇಷ್ಟು ಓದಿದವಳು ಇಷ್ಟು ದಡ್ಡಿಯೇ ಎಂಬ ನಿಜವಾದ ಅನುಮಾನ ಆ ಮುಖದಲ್ಲಿತ್ತು. ಆಮೇಲೆ ಹೊಳೆಯ ಕಡೆ ಕೈಮಾಡಿ ಹೇಳುತ್ತ ಹೋದಳು. ಅದೋ ಆನೆಬೆನ್ನು. ಅದರ ಪಕ್ಕದ್ದು ಎಮ್ಮೆಕಿವಿ. ಒಂದರ ನೆರಳಲ್ಲಿ ಒಂದು ಕೂತಿರುವುದು ಅತ್ತೆಕಲ್ಲು, ಸೊಸೆಕಲ್ಲು. ದಡದ ಹತ್ತಿರ, ಸೊಂಟ ಬಗ್ಗಿಸದೆ ಒಗೆಯಬಹುದಾದದ್ದು ಬಸುರಿಕಲ್ಲು, ಅದು ಯಾರ ಮನೆಯದೂ ಅಲ್ಲ, ಆಯಾ ವರ್ಷದ ಬಸುರಿಯರದು. ಯಾವಳೋ ಮೂಗುತಿ ಕಳೆದುಕೊಂಡದ್ದು ಮೂಗುತಿಕಲ್ಲು. ನೆರಳು ಮೊದಲು ಬೀಳುವುದರಿಂದ ಎಲ್ಲರೂ ಊಟಕ್ಕೆ ಹೋಗಿ ಒರಗುವುದು ಸೋಮಾರಿಕಲ್ಲು. ಮೇಲುಗಡೆ ಯಾವಾಗಲೂ ನೀರಿನೊಡನೆ ಗಲಾಟೆ ಮಾಡುವುದು ಜಗಳಗಂಟಿ. ನನಗೆ ಕಾಣುತ್ತಿದ್ದುದು ಬರೀ ಬಂಡೆಗಳು. ನಾನು ಹುಟ್ಟಿ ಬೆಳೆದ ಊರಿನ ಹೊಳೆ, ದಿನಾ ನೋಡಿದ ಹೊಳೆ, ನನ್ನ ಎದುರಿಗೇ ಬೇರೆಯದಾಗುತ್ತ ಹೋಯಿತು. ನೀರಿನಡಿಯಲ್ಲಿ ಕಾಣದೇ ಇದ್ದ ಕಲ್ಲುಗಳನ್ನೂ ಅವಳು ಬೆರಳಿಟ್ಟು ಹೇಳುತ್ತಿದ್ದಳು.

'ನಿಂದು ಯಾವುದಕ್ಕ?'

'ಇದೇಯ, ಬಟ್ಲುಗಲ್ಲು' ಎಂದು ತಾನು ಒಗೆಯುತ್ತಿದ್ದ ಕಲ್ಲನ್ನು ಅಂಗೈಯಿಂದ ತಟ್ಟಿದಳು. ಅದರ ನೆತ್ತಿ ಬಟ್ಟಲಿನಂತೆ ತಗ್ಗಾಗಿತ್ತು. ಉಳಿಯಿಂದ ಕಡೆದದ್ದಲ್ಲ, ಅವಳ ಅವ್ವ, ಅವ್ವನ ಅವ್ವ, ಅದಕ್ಕೂ ಹಿಂದಿನವರು ಬಟ್ಟೆ ಎತ್ತಿ ಎತ್ತಿ ಬಡಿದು ಆದ ತಗ್ಗು. ಮುಟ್ಟಿ ನೋಡಿದೆ. ಕೆನ್ನೆಯಷ್ಟು ನಯವಾಗಿತ್ತು.

ಆ ದಿನವೇ ಗೊತ್ತಾಯಿತು, ಅವರಲ್ಲಿ ಕಲ್ಲು ಹೆಣ್ಣುಮಕ್ಕಳ ಸ್ವತ್ತು. ಹೊಳೆಯ ಆಚೆ ಈಚೆಯ ಊರಿಗೇ ಮಗಳನ್ನು ಕೊಟ್ಟರೆ ಬಳುವಳಿಯಾಗಿ ಅವ್ವನ ಕಲ್ಲು ಹೋಗುತ್ತದೆ. ಮದುವೆಯ ಮಾರನೆಯ ಬೆಳಗ್ಗೆ ಬೀಗಿತ್ತಿಯನ್ನು ಹೊಳೆಗೆ ಕರೆತಂದು ಕಲ್ಲಿಗೆ ಅರಿಸಿನ ಕುಂಕುಮ ಹಚ್ಚುತ್ತಾರೆ. ಬೀಗಿತ್ತಿ ಅದರ ಮೇಲೆ ಅಂಗೈ ಊರಿ ಒಪ್ಪಿಕೊಂಡರೆ ಕಲ್ಲು ಹೊಳೆಯಲ್ಲಿ ಇದ್ದಲ್ಲೇ ಇದ್ದು ಸೊಸೆಯ ಜೊತೆ ಅವರ ಮನೆಗೆ ಸೇರಿತು. ಒಡವೆ ಕಡಿಮೆಯಾದರೂ ಮಾತು ಬರುವುದಿಲ್ಲವಂತೆ, ಒಳ್ಳೆಯ ಕಲ್ಲಿಲ್ಲದಿದ್ದರೆ ಹುಡುಗಿ ಜೀವಮಾನವೆಲ್ಲ ಇನ್ನೊಬ್ಬಳ ಕಲ್ಲು ಖಾಲಿಯಾಗುವುದನ್ನು ಕಾಯಬೇಕಂತೆ. ಅಕ್ಕನಿಗೆ ಒಬ್ಬಳೇ ಮಗಳು. ಆಚೆ ದಡದ ಊರಿನಲ್ಲಿ ಗಂಡು ನೋಡುತ್ತಿದ್ದಳು. 'ನಂತಾವ ಇರದು ಇದೊಂದೇಯ. ಇದು ಅವ್ಳ್ದು' ಅಂದಳು.

ಅಷ್ಟರಲ್ಲಿ ಅವಳು ಮಾತು ನಿಲ್ಲಿಸಿ ಕಿವಿಗೊಟ್ಟಳು. 'ಜಗಳಗಂಟಿ ಬಾಯಿ ಮುಚ್ತು. ಏಳಿ, ಮ್ಯಾಕ್ಕೋಗಿ.' ಒಗೆಯುತ್ತಿದ್ದ ಹೆಂಗಸರೆಲ್ಲ ಬಟ್ಟೆ ಬಾಚಿಕೊಂಡು ದಡ ಹತ್ತಿದರು. ನನಗೆ ಏನೂ ಕೇಳಿಸಲಿಲ್ಲ, ಹೊಳೆ ಹೇಗಿತ್ತೋ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ನೀರು ಏರಿತು. ಮೇಲೆ ಗೊರೂರಿನಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ನೀರು ಏರುತ್ತ ಮೊದಲು ಆ ಮೇಲಿನ ಕಲ್ಲನ್ನು ಮುಳುಗಿಸುತ್ತದೆ, ಮುಳುಗಿದ ಕೂಡಲೇ ಅದರ ಗಲಾಟೆ ನಿಲ್ಲುತ್ತದೆ. ನಾನು ನಿಂತಿದ್ದ ಜಾಗದಲ್ಲಿ ಈಗ ಎದೆಮಟ್ಟ ನೀರು. ನಾನು ಓದಿದ್ದ ಯಾವ ಪುಸ್ತಕದಲ್ಲೂ ಇಂಥ ಒಂದು ವಾಕ್ಯ ಇರಲಿಲ್ಲ.

ಎರಡನೆಯ ಅರ್ಜಿಯಲ್ಲಿ ತಾಯಿಯೂ ಇಲ್ಲ, ತೊಟ್ಟಿಲೂ ಇಲ್ಲ. ಅಕ್ಕ ಹೇಳಿದ ಕಲ್ಲುಗಳ ಹೆಸರು, ಒಂದೊಂದರ ಮುಂದೆ ಅದು ಯಾಕೆ ಹಾಗೆ, ಯಾವ ಕಲ್ಲು ಮುಳುಗಿದರೆ ಏನು ಮಾಡಬೇಕು, ಅಷ್ಟೇ. ಕೊನೆಯಲ್ಲಿ, ಇವನ್ನೆಲ್ಲ ಒಂದು ನಕಾಶೆಯಲ್ಲಿ ಕೂರಿಸಬೇಕೆಂದಿದ್ದೇನೆ ಎಂದು ಬರೆದೆ. ಸಂದರ್ಶನಕ್ಕೆ ಬೆಂಗಳೂರಿಗೆ ಕರೆದರು. ಮೇಜಿನ ಆಚೆ ಮೂವರು ಕೂತಿದ್ದರು. ಒಬ್ಬರು, 'ಇದು ಪರಿಸರವೋ, ಇತಿಹಾಸವೋ, ಭಾಷೆಯೋ? ಯಾವ ಶೀರ್ಷಿಕೆಯ ಕೆಳಗೆ ಹಾಕೋಣ?' ಎಂದು ಕೇಳಿದರು. ನನಗೆ ಸಿಟ್ಟು ಬಂತು. 'ಆ ಹೆಂಗಸರು ನೀರಿನಲ್ಲಿ ನಿಂತಿದ್ದಾರೆ ಸರ್, ಶೀರ್ಷಿಕೆ ಕೆಳಗೆ ನಿಂತಿಲ್ಲ' ಅಂದುಬಿಟ್ಟೆ. ಮುಗಿಯಿತು ನನ್ನ ಕತೆ ಎಂದುಕೊಂಡು ಬಸ್ಸು ಹತ್ತಿದೆ. ತಿಂಗಳೊಳಗೆ ಮಂಜೂರಾತಿ ಪತ್ರ ಬಂತು.

ಆ ಪತ್ರವನ್ನು ಹಿಡಿದು ಸ್ಟಾಫ್ ರೂಮಿನಲ್ಲಿ ನಿಂತ ಕ್ಷಣ ಇನ್ನೂ ನೆನಪಿದೆ. ಹೊಳೆನರಸೀಪುರವನ್ನು ಕಣ್ಣಿನಿಂದ ಕಾಣದ ಯಾರೋ, ಅಲ್ಲಿಯ ಬಂಡೆಗಳನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿಸಿಕೊಳ್ಳಲು ಒಬ್ಬಳನ್ನು ಕಳಿಸಲು ಒಪ್ಪಿದ್ದರು. ಲೋಕದಲ್ಲಿ ಇದಕ್ಕೂ ಜಾಗವಿದೆಯೇ ಎಂದು ಬೆರಗಾಯಿತು. ಅಕ್ಕನಿಗೆ ಹೇಳಿದಾಗ ಅವಳು ನನಗಿಂತ ಬೆರಗಾದಳು. 'ಕೇಳ್ಕಳಕ್ಕೂ ಕೊಡ್ತಾರಾ! ಪಾಪ, ಅವ್ರೂರಲ್ಲಿ ಒಳೆ ಇಲ್ವೇನೋ' ಅಂದಳು.

ನಕಾಶೆ ಬರೆಯಲು ನನಗೆ ಬರುತ್ತಿರಲಿಲ್ಲ. ಹಿರೀಸಾವೆಯ ಒಬ್ಬ ನಿವೃತ್ತ ಸರ್ವೆಯರನ್ನು ಗೊತ್ತುಮಾಡಿದೆ. ಅವರು ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ, ಕೈಯಲ್ಲಿ ಕೊಡೆ, ಕಂಕುಳಲ್ಲಿ ಅಳತೆ ಸರಪಣಿಯ ಚೀಲ ಇಟ್ಟುಕೊಂಡು ಶನಿವಾರ ಶನಿವಾರ ಬರುತ್ತಿದ್ದರು. ಹೊಳೆಗಿಳಿಯುವಾಗಲೂ ಕ್ಯಾನ್ವಾಸ್ ಬೂಟು ಬಿಚ್ಚುತ್ತಿರಲಿಲ್ಲ. ಹೆಸರುಗಳನ್ನು ಕೇಳಿ ಅವರಿಗೆ ಸಮಾಧಾನವಾಗಲಿಲ್ಲ. 'ಎಸ್ರು ಅತ್ಲಾಗಿರ್ಲಿ ಮೇಡಂ. ಮೂವತ್ತೈದ್ ವರ್ಸ ಸರ್ವೀಸು ನಂದು. ನಂಬರ್ ಬೀಳ್ದೆ ಇರೋ ಕಲ್ಲ ನಾನು ಕಾಗ್ದದ ಮ್ಯಾಕೆ ತರಾಕಿಲ್ಲ' ಅಂದರು. ಬಿಳಿ ಬಣ್ಣದ ಡಬ್ಬಿಯನ್ನೂ ಅವರೇ ತಂದಿದ್ದರು.

ನಾನು ಬೇಡವೆನ್ನಬಹುದಿತ್ತು. ಬದಲಿಗೆ ಖುಷಿಯಾಯಿತು. ಕೆಲಸ ಶಾಸ್ತ್ರೀಯವಾಗಿ ನಡೆಯುತ್ತಿದೆ ಎಂದುಕೊಂಡೆ. ಅವರ ಕೈಯಿಂದ ಕುಂಚ ಕಿತ್ತುಕೊಂಡು, ಗೌರವಕ್ಕಿರಲಿ ಎಂದು, ಅಕ್ಕನ ಬಟ್ಟಲುಗಲ್ಲಿನ ಮೈಮೇಲೆ ನಾನೇ ಒಂದನೇ ನಂಬರು ಬರೆದೆ. ಉಳಿದವಕ್ಕೆ ಅವರು ಹಾಕುತ್ತ ಹೋದರು.

'ಯಾಕ್ ಅಮ್ಮಾವ್ರೆ, ಇದು ನಂದು ಅಂತ ನಂಗೊತ್ತಿಲ್ವಾ?' ಎಂದು ಅಕ್ಕ ನಕ್ಕಳು.

'ನಿನಗಲ್ಲ ಅಕ್ಕ, ಲೋಕಕ್ಕೆ ಗೊತ್ತಾಗಲಿ' ಅಂದೆ. ದೊಡ್ಡ ಮಾತಾಡುವ ನನ್ನ ಚಾಳಿ ಎಲ್ಲಿ ಹೋಗುತ್ತದೆ.

ಮುಂದಿನ ಕೆಲವು ವಾರ ನಾನು ಸುಖವಾಗಿದ್ದೆ. ಅಕ್ಕನ ಮಗಳಿಗೆ ಆಚೆ ದಡದ ಗಂಡು ಗೊತ್ತಾಯಿತು, ವೈಶಾಖಕ್ಕೆ ಮದುವೆ ಎಂದಾಯಿತು. ಗಂಡಿನ ತಾಯಿ ಬಹಳ ಖಡಕ್ಕು ಎಂದು ಅಕ್ಕನಿಗೆ ಸ್ವಲ್ಪ ಅಳುಕಿತ್ತು. 'ಕಲ್ ನೋಡುದ್ರೆ ಸುಮ್ಕಾಯ್ತಾಳೆ ಬುಡಿ' ಎಂದು ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಸಂಕ್ರಾಂತಿಯ ದಿನ ಮಡಿವಾಳರು ಯಾರೂ ಹೊಳೆಗೆ ಇಳಿಯುವುದಿಲ್ಲ. ಅಂದು ಊರ ಹೊರಗೆ ಯಾರದೋ ಛತ್ರದ ಗೋಡೆಗೆ ಕಲ್ಲು ಬೇಕಾಗಿ, ಬೇರೆ ಊರಿನ ಕಲ್ಲು ಒಡೆಯುವವರು ಬಂದಿದ್ದರು. ಗುತ್ತಿಗೆದಾರ ದಡದ ಮೇಲಿನ ಬಂಡೆಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಹಾಕಿಸಿದ್ದನಂತೆ, ನಂಬರಿರುವುದನ್ನೆಲ್ಲ ಒಡೆಯಿರಿ ಎಂದಿದ್ದನಂತೆ. ಕೆಲಸದವರು ನೋಡಿದರೆ ಹೊಳೆಯ ಒಳಗೂ ಬಿಳಿ ನಂಬರುಗಳು. ಒಂದರಿಂದ ಶುರುಮಾಡಿದರು.

ಸುದ್ದಿ ತಿಳಿದು ನಾನು ಓಡುವ ಹೊತ್ತಿಗೆ ಬಟ್ಟಲುಗಲ್ಲಿನ ಮೇಲರ್ಧ ಟ್ರ್ಯಾಕ್ಟರಿನಲ್ಲಿತ್ತು. ಬೆಣೆ ಹೊಡೆದ ಗುರುತುಗಳ ಸಾಲು, ಕೆಳಗೆ ಹಸಿ ಗಾಯದ ಹಾಗೆ ಬೆಳ್ಳಗಿನ ಒರಟು ಮೈ. ಗುತ್ತಿಗೆದಾರನ ಮೇಲೆ ಕೂಗಾಡಿದೆ. ಅವನು ಕೈಮುಗಿದು, 'ನಂಬರ್ ಇತ್ತಲ್ಲ ಮೇಡಂ, ಅದನ್ನ ನಾವ್ ಆಕಿಲ್ಲ' ಅಂದ. ಹುಟ್ಟಿದ ಮೇಲೆ ಮೊದಲ ಸಲ ನನ್ನ ಸಿಟ್ಟಿಗೆ ಹೋಗಿ ಕೂರಲು ಇನ್ನೊಬ್ಬರ ತಲೆ ಸಿಗಲಿಲ್ಲ.

ಅಕ್ಕ ಹಬ್ಬದ ಸೀರೆಯಲ್ಲೇ ಬಂದಳು. ನೋಡಿದಳು. ಅಳಲಿಲ್ಲ, ಬೈಯಲಿಲ್ಲ. ಕಲ್ಲಿನ ಸುತ್ತ ಬಿದ್ದಿದ್ದ ಚಕ್ಕೆಗಳನ್ನು, ಯಾರ ಕಾಲಿಗೂ ಚುಚ್ಚದಿರಲಿ ಎಂದು, ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡು ಮನೆಗೆ ಹೋದಳು. ನನ್ನ ಕಡೆ ತಿರುಗಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮಾರನೆಯ ದಿನ ಹಿರೀಸಾವೆಯಿಂದ ಸರ್ವೆಯರು ತಾವಾಗಿ ಬಂದರು. ಚೀಲದಲ್ಲಿ ತಂತಿ ಬ್ರಶ್ಶು, ಟರ್ಪೆಂಟೈನ್ ಎಣ್ಣೆ. ಅವರ ಬರಿಗಾಲನ್ನು ನಾನು ನೋಡಿದ್ದು ಅವತ್ತೇ. ಆನೆಬೆನ್ನು, ಅತ್ತೆಕಲ್ಲು, ಸೊಸೆಕಲ್ಲು, ಒಂದನ್ನೂ ಬಿಡದೆ ತಮ್ಮ ನಂಬರುಗಳನ್ನು ತಾವೇ ತಿಕ್ಕಿ ತೆಗೆದರು. ನಾನು ಇನ್ನೊಂದು ಕಡೆಯಿಂದ ತಿಕ್ಕುತ್ತ ಬಂದೆ.

ಅನುದಾನದವರಿಗೆ ಅರ್ಧವಾರ್ಷಿಕ ವರದಿ ಕಳಿಸಬೇಕಿತ್ತು. ಅದರಲ್ಲಿ 'ಎದುರಾದ ಅಡಚಣೆಗಳು' ಎಂದೊಂದು ಕಾಲಂ. ಅಡಚಣೆ ನಾನೇ ಎಂದು ಬರೆದೆ. ನಡೆದದ್ದನ್ನೆಲ್ಲ ಬರೆದು, ಉಳಿದ ಅನುದಾನಕ್ಕೆ ನಾನು ಅರ್ಹಳಲ್ಲ, ಬೇಕಿದ್ದರೆ ನಿಲ್ಲಿಸಿ ಎಂದು ಕೇಳಿಕೊಂಡೆ. ಬಂದ ಉತ್ತರದಲ್ಲಿ ನಿಲ್ಲಿಸುವ ಮಾತಿರಲಿಲ್ಲ. ಆ ಹೆಣ್ಣುಮಗಳಿಗೆ ಈಗ ಯಾವ ಕಲ್ಲು, ಅದನ್ನು ತಿಳಿಸಿ ಎಂದು ಕೇಳಿದ್ದರು. ಅದು ನನಗೂ ಗೊತ್ತಿರಲಿಲ್ಲ.

ತಿಳಿಯಲೆಂದು ಒಂದು ಬೆಳಗ್ಗೆ ಅಂಜುತ್ತಲೇ ಹೊಳೆಗೆ ಹೋದೆ. ಅಕ್ಕ ಒಡೆದ ಕಲ್ಲಿನ ಪಕ್ಕ ಮಂಡಿಮಟ್ಟ ನೀರಿನಲ್ಲಿ ಕೂತಿದ್ದಳು. ಒರಟು ಮೈಯ ಮೇಲೆ ಹೊಳೆಯ ಮರಳು ಸುರಿದು, ಒಂದು ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜುತ್ತಿದ್ದಳು. ಉಜ್ಜುವುದು, ನೀರು ಎರಚುವುದು, ಅಂಗೈ ಆಡಿಸಿ ನೋಡುವುದು, ಮತ್ತೆ ಮರಳು.

'ಏನು ಮಾಡ್ತಿದ್ದೀಯಾ ಅಕ್ಕ?'

'ಕಾಣಾಕಿಲ್ವಾ? ಇಂಗೇ ಬಟ್ಟೆ ಬಡುದ್ರೆ ಅರ್ದೋಯ್ತವೆ.' ಸಂಕ್ರಾಂತಿಯ ನಂತರ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

'ಇದು ನಯ ಆಗೋಕೆ ಎಷ್ಟು ದಿನ ಬೇಕು?'

'ದಿನದ್ ಮಾತಲ್ಲ. ನಾನು ಕೈಲಾಗೋಗಂಟ ಉಜ್ತೀನಿ. ಆಮ್ಯಾಕೆ ಮಗಳು ಉಜ್ತಾಳೆ. ಅವ್ಳ ಮಗಳು ಒಗೀತಾಳೆ.'

ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ಎದೆ ಬಡಿದುಕೊಂಡು ಹೇಳುತ್ತಿದ್ದರು. ಅಕ್ಕ ನಾಳೆ ಯಾವ ಪಲ್ಯ ಎಂದು ಹೇಳುವಂತೆ ಹೇಳಿದಳು. ನಾನು ದಡದಲ್ಲಿ ಕೂತೆ. ತಲೆಮಾರುಗಳ ಬಗ್ಗೆ ಹತ್ತಾರು ವರ್ಷದಿಂದ ತರಗತಿಯಲ್ಲಿ ಮಾತಾಡಿದವಳು ನಾನು. ಒಂದು ತಲೆಮಾರು ಎಂದರೆ ಎಷ್ಟು ಉದ್ದ ಎಂದು ತಿಳಿದದ್ದು ಅಲ್ಲಿ. ಬಿಸಿಲು ಏರಿದ ಮೇಲೆ ಅವಳು ಗುಂಡುಕಲ್ಲು ಕೆಳಗಿಟ್ಟು, ಸೊಸೆಕಲ್ಲಿನ ಒಡತಿಯ ಕೆಲಸ ಮುಗಿಯುವುದನ್ನು ಕಾದು, ಅದರ ಮೇಲೆ ತನ್ನ ಬಟ್ಟೆ ಒಗೆದಳು. ಉಜ್ಜುವ ಕೆಲಸ ದಿನಾ ನಡೆಯಿತು. ಅವಳ ಬೆರಳ ತುದಿಗಳಲ್ಲಿ ರೇಖೆಗಳೇ ಉಳಿಯಲಿಲ್ಲ.

ಮದುವೆ ಆಯಿತು. ಮಾರನೆಯ ಬೆಳಗ್ಗೆ ಹೆಂಗಸರೆಲ್ಲ ಹೊಳೆಗೆ ನಡೆದರು. ನಾನೂ ಹೋದೆ. ರಾತ್ರಿಯೆಲ್ಲ ನನಗೆ ಒಂದೇ ಯೋಚನೆ: ಆ ಬೀಗಿತ್ತಿ ಕಲ್ಲು ಬೇಡವೆಂದರೆ? ಈ ಹುಡುಗಿ ಬರಿಗೈಯಲ್ಲಿ ಆ ಮನೆಗೆ ಹೋದ ಹಾಗೆ, ಅದಕ್ಕೆ ಕಾರಣ ನನ್ನ ಕೈ.

ನೀರು ಕಡಿಮೆಯಿತ್ತು. ಮದುಮಗಳು ಅರಿಸಿನದ ಬಟ್ಟಲು ಹಿಡಿದು ಅವ್ವನ ಪಕ್ಕ ನಿಂತಳು. ಬೀಗಿತ್ತಿ ಗಟ್ಟಿಮುಟ್ಟಾದ ಹೆಂಗಸು. ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಕಲ್ಲಿನ ಮೇಲೆ ಅಂಗೈ ಊರಿದಳು. ಊರಿದವಳು ತಕ್ಷಣ ಕೈ ತೆಗೆದು ಅಂಗೈ ನೋಡಿಕೊಂಡಳು.

'ಇದೇನ್ ಬೀಗಿತ್ತಿ, ತರಿತರಿ ಐತೆ?'

'ಔದು ಕಣಕ್ಕ. ಒಡ್ದೋಯ್ತು. ಬ್ಯಾಡ ಅನ್ನಂಗಿದ್ರೆ ಏಳ್ಬುಡಿ, ನಂಗೇನ್ ಬೇಜಾರಿಲ್ಲ' ಅಂದಳು ಅಕ್ಕ. ಹಾಗೆನ್ನುತ್ತಲೇ ಕಲ್ಲಿನ ಮೇಲಿದ್ದ ಮರಳನ್ನು ಅಂಗೈಯಿಂದ ಒರೆಸಿದಳು.

ನನಗೆ ತಡೆಯಲಾಗಲಿಲ್ಲ. ದಡದ ಮೇಲಿಂದಲೇ, 'ತಪ್ಪು ನಂದು ಕಣಮ್ಮ. ಕಲ್ಲಿಗೆ ನಂಬರು ಬರೆದವಳು ನಾನು. ಅವರದೇನೂ ಇಲ್ಲ' ಎಂದು ಕೂಗಿದೆ.

ಬೀಗಿತ್ತಿ ನನ್ನನ್ನು ಒಂದು ಸಲ ನೋಡಿ, ಲೆಕ್ಕಕ್ಕೇ ತೆಗೆದುಕೊಳ್ಳದೆ ಮತ್ತೆ ಕಲ್ಲಿನ ಕಡೆ ತಿರುಗಿದಳು. ಈ ಸಲ ನಿಧಾನವಾಗಿ ಅಂಗೈ ಆಡಿಸಿದಳು. ಒಂದು ಮೂಲೆಯಲ್ಲಿ, ಎರಡು ಅಂಗೈಯಷ್ಟು ಜಾಗದಲ್ಲಿ, ಅವಳ ಕೈ ನಿಂತಿತು. ಅಲ್ಲಿ ತರಿ ಕಡಿಮೆಯಾಗಿತ್ತು.

'ಯಾರ್ ಉಜ್ಜಿದ್ದು ಇದ?'

'ನಾನೇಯ.'

'ಒಬ್ಳೇಯಾ?'

ಬೀಗಿತ್ತಿ ಅಕ್ಕನ ಕೈಯನ್ನು ಎಳೆದುಕೊಂಡು ಬೆರಳುಗಳನ್ನು ಮಗುಚಿ ನೋಡಿದಳು. ಆಮೇಲೆ ಸೊಸೆಯ ಕೈಯ ಬಟ್ಟಲಿನಿಂದ ಅರಿಸಿನ ತೆಗೆದು ಆ ನಯವಾದ ಮೂಲೆಗೆ ಹಚ್ಚಿ, ಬಗ್ಗಿ ಒಂದು ಬೊಗಸೆ ಮರಳು ಎತ್ತಿ ಕಲ್ಲಿನ ಮೇಲೆ ಸುರಿದು, ಉಜ್ಜಲು ಕೂತಳು. ಮದುಮಗಳು ಮದುವೆ ಸೀರೆಯಲ್ಲೇ ಆಚೆ ಪಕ್ಕ ಕೂತಳು. ದಡದ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಮರಳಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ನಾನು ನೋಟುಪುಸ್ತಕ ಎದೆಗವಚಿಕೊಂಡು ನಿಂತಿದ್ದೆ. ಇಂಥದ್ದನ್ನು ನೋಡುವ ಯೋಗ್ಯತೆ ನನಗೆ ಎಲ್ಲಿಂದ ಬಂತು ಎಂದು ಅನ್ನಿಸುತ್ತಿತ್ತು.

ಅಕ್ಕ ತಲೆಯೆತ್ತಿ ನನ್ನ ಕಡೆ ನೋಡಿದಳು.

'ಏನ್ ನೋಡ್ತಾ ನಿಂತಿದ್ದೀಯ ಮಗಾ? ಬಾ, ಮರಳ್ ತಗಾ.'

ಪುಸ್ತಕ ದಡದಲ್ಲಿಟ್ಟು ಇಳಿದೆ. ಮರಳು ಸುರಿದು ಉಜ್ಜಿದೆ. ನನ್ನ ಕೈ ಕಲ್ಲಿನ ಮೇಲೆ ಸುಮ್ಮನೆ ಜಾರುತ್ತಿತ್ತು. ಅಕ್ಕ ಪಕ್ಕಕ್ಕೆ ಸರಿದು ಬಂದು, ನನ್ನ ಕೈಯ ಮೇಲೆ ತನ್ನ ಕೈಯಿಟ್ಟು, ಎಷ್ಟು ಒತ್ತಬೇಕೆಂದು ತೋರಿಸಿದಳು.